ಡಿಪೋ ಗೋಡೆಯ ಸಂದು

ಬಿಸಿ ಇಟ್ಟಿಗೆಗೆ ನೀರು ಬಿದ್ದ ವಾಸನೆ, ಅದೇ, ಅಪ್ಪನ ಇಟ್ಟಿಗೆ ಗೂಡು ಬಿಚ್ಚಿದ ದಿನ ಬರುತ್ತಿದ್ದದ್ದು, ಸುಟ್ಟ ಮಣ್ಣು ನೀರನ್ನು ಸೊರ್ರೆಂದು ಎಳೆದುಕೊಳ್ಳುವಾಗ ಏಳುತ್ತಿದ್ದ ಬೆಚ್ಚನೆಯ ಹಬೆ, ನಾನು ಬೇಕೆಂದೇ ಹತ್ತಿರ ಹೋಗಿ ನಿಂತು ಮೂಗರಳಿಸುತ್ತಿದ್ದೆ, ಸರ್ಕೊಳೇ ಅತ್ತ, ಕಾಲು ಸುಟ್ಕೊಂಡೀಯ ಎಂದು ಅಪ್ಪ, ಸರಿಯುವಂತೆ ನಟಿಸಿ ಮತ್ತೆ ಅಲ್ಲಿಗೇ ಬರುವ ನಾನು — ಈಗ ಗೂಡಿಲ್ಲ, ಅಪ್ಪನೂ ಇಲ್ಲ, ಇರುವುದು ನಮ್ಮ ಮನೆಯೆದುರಿನ ಬಸ್ ಡಿಪೋದ ಉದ್ದನೆಯ ಗೋಡೆ, ಅದರ ಮುಂದೆ ಕುಕ್ಕರಗಾಲಲ್ಲಿ ಕೂತ ಇವರು, ನನ್ನ ಯಜಮಾನರು, ಚೊಂಬಿನಿಂದ ನೀರು ತೆಗೆದು ಸಂದಿನ ಎರಡೂ ಅಂಚಿಗೆ ಚಿಮುಕಿಸುತ್ತಿದ್ದಾರೆ, ಒಣ ಇಟ್ಟಿಗೆಗೆ ಗಾರೆ ಹಿಡಿಯುವುದಿಲ್ಲ ಎಂಬುದು ಅವರಿಗೆ ಇನ್ನೂ ನೆನಪಿದೆ, ನನ್ನ ಹೆಸರು ನೆನಪಿಲ್ಲ. ಬೆಳಗಿನ ಬಿಸಿಲಿಗೇ ಗೋಡೆ ಕಾದಿದೆ. ಒಂದು ತುಂಡು ಗೋಡೆ ಮುಗಿದು ಇನ್ನೊಂದು ಶುರುವಾಗುವಲ್ಲಿ ಮೇಲಿನಿಂದ ಕೆಳಗಿನವರೆಗೆ ನೆಟ್ಟಗೆ ಒಂದು ಬಿಡುವು, ಹೆಬ್ಬೆರಳು ತೂರುವಷ್ಟು, ಅದರೊಳಗೆ ಟಾರಿನಲ್ಲಿ ಅದ್ದಿದ ನಾರಿನ ಹಲಗೆ ಇತ್ತು, ವರ್ಷಗಳಲ್ಲಿ ಉದುರಿ ಹೋಯಿತು, ಉಳಿದದ್ದು ಬರೀ ಕಪ್ಪು ಗೀಟು, ಆ ಗೀಟನ್ನೇ ಇವರು ಬಿರುಕು ಎಂದುಕೊಂಡಿದ್ದಾರೆ, ಕರಣೆಯ ತುದಿಯಲ್ಲಿ ಸಿಮೆಂಟು ಗಾರೆ ಎತ್ತಿ ಅದರೊಳಗೆ ಒತ್ತುತ್ತಾರೆ, ಆಮೇಲೆ ಹೆಬ್ಬೆರಳಿನಿಂದ ಸವರಿ ನುಣುಪು ಮಾಡುತ್ತಾರೆ, ಮಗುವಿನ ಬಾಯಿ ಒರೆಸಿದ ಹಾಗೆ. ಈ ಗೋಡೆ ಕಟ್ಟಿದವರು ಇವರೇ. ಈ ಸಂದುಗಳನ್ನು ಬಿಡಲೇಬೇಕು ಎಂದು ಜಗಳವಾಡಿ ಬಿಟ್ಟವರೂ ಇವರೇ. ಈಗ ಒಂದೊಂದನ್ನೇ ತುಂಬುತ್ತಾ ಮುಂದೆ ಮುಂದೆ ಹೋಗುತ್ತಾರೆ, ನಾನು ಹಿಂದೆ ಹಿಂದೆ ಹೋಗಿ ಗಾರೆ ಗಟ್ಟಿಯಾಗುವ ಮೊದಲು ಅದನ್ನು ಕೆರೆದು ತೆಗೆಯುತ್ತೇನೆ.

ಇಟ್ಟಿಗೆ ಬೆಳೆಯುತ್ತದೆ ಎಂದರೆ ನಾನು ಪಾಠ ಮಾಡುತ್ತಿದ್ದ ಹೈಸ್ಕೂಲಿನಲ್ಲಿ ಮಕ್ಕಳು ನಗುತ್ತಿದ್ದರು, ಟೀಚರ್, ಅದಕ್ಕೆ ಹಾಲು ಕುಡಿಸ್ಬೇಕಾ ಎಂದು ಹಿಂದಿನ ಬೆಂಚಿನವನೊಬ್ಬ, ಇಡೀ ತರಗತಿ ಗೊಳ್ಳೆಂದದ್ದು, ನಾನೂ ನಕ್ಕದ್ದು, ಹಾಲಲ್ಲ ಕಣೋ, ಗಾಳಿಯಲ್ಲಿರೋ ತೇವ ಕುಡಿಯುತ್ತೆ, ಗೂಡಿನಿಂದ ಬಂದ ಮೇಲೆ ಅದು ಕೂದಲೆಳೆಯಷ್ಟು ಹಿಗ್ಗುತ್ತೆ, ಮತ್ತೆ ಕುಗ್ಗೋದೇ ಇಲ್ಲ, ಅದರ ಮೇಲೆ ಬಿಸಿಲಿಗೆ ದಿನಾ ಒಂಚೂರು ಹಿಗ್ಗಿ ರಾತ್ರಿ ಒಂಚೂರು ಕುಗ್ಗುತ್ತೆ, ಉದ್ದನೆ ಗೋಡೆಗೆ ಜಾಗ ಬಿಡದಿದ್ರೆ ಅದು ತಾನೇ ಜಾಗ ಮಾಡ್ಕೊಳ್ಳುತ್ತೆ, ಒಡೆದು. ಇದನ್ನು ನಾನು ಪುಸ್ತಕದಲ್ಲಿ ಓದುವುದಕ್ಕೆ ಮೊದಲೇ ಅಪ್ಪನಿಂದ ಕೇಳಿದ್ದೆ, ಗೂಡಿನಿಂದ ಇಳಿಸಿದ ಇಟ್ಟಿಗೆಯನ್ನು ಅಪ್ಪ ಕೂಡಲೇ ಮಾರುತ್ತಿರಲಿಲ್ಲ, ಬಾಣಂತಿ ಕಣಯ್ಯ, ಸ್ವಲ್ಪ ದಿನ ಮಲಗಿರ್ಲಿ ಎನ್ನುತ್ತಿದ್ದ, ಕೊಳ್ಳುವವರು ಬೈದುಕೊಂಡು ಬೇರೆ ಗೂಡಿಗೆ ಹೋಗುತ್ತಿದ್ದರು. ಆಗ ಬಂದವರು ಇವರು, ಉದ್ದನೆಯ ಕೈಕಾಲಿನ ಹುಡುಗ ಮೇಸ್ತ್ರಿ, ರೇಟು ಕೇಳಲಿಲ್ಲ, ಇದು ಗೂಡಿನಿಂದ ಇಳಿದು ಎಷ್ಟು ದಿನ ಆಯ್ತು ಎಂದು ಕೇಳಿದರು, ಆ ಮಾತಿಗೇ ಅಪ್ಪ ಬೀಡಿ ಆರಿಸಿ ಎದ್ದು ನಿಂತ. ನಾನು ಮರದ ಕೆಳಗೆ ಡಿಗ್ರಿ ಪರೀಕ್ಷೆಗೆ ಓದಿಕೊಳ್ಳುತ್ತಾ ಕೂತಿದ್ದೆ, ತಲೆ ಎತ್ತಿ ನೋಡಿದೆ, ಅವರು ನನ್ನನ್ನು ನೋಡಲಿಲ್ಲ, ಒಂದು ಇಟ್ಟಿಗೆಯನ್ನು ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ತಟ್ಟಿ ಸದ್ದು ಕೇಳುತ್ತಿದ್ದರು. ಇಟ್ಟಿಗೆಗೆ ಬಿಡುವು ಕೊಡೋನು ಮನುಷ್ಯರಿಗೂ ಕೊಡ್ತಾನೆ ಎಂದು ಅಪ್ಪ ಅವತ್ತೇ ಅಮ್ಮನ ಹತ್ತಿರ ಅಂದನಂತೆ. ಮದುವೆಯ ಮಾತು ಬಂದಾಗ ನಾನು ಓದು ಮುಗಿಸ್ಬೇಕು ಅಂದೆ. ಮುಗಿಸ್ಲಿ, ಗೋಡೆ ಎಲ್ಲಿಗೂ ಓಡಿ ಹೋಗಲ್ಲ, ಸ್ವಲ್ಪ ಅಲ್ಲಾಡುತ್ತೆ ಅಷ್ಟೇ ಎಂದು ಇವರು ಹೇಳಿ ಕಳಿಸಿದರು, ಆ ಮಾತಿಗೆ ನಾನು ಬಿದ್ದೆ, ಬಿದ್ದವಳು ಇವತ್ತಿಗೂ ಎದ್ದಿಲ್ಲ. ಸಂದು ಮೇಸ್ತ್ರಿ ಎಂದೇ ಇವರಿಗೆ ಹೆಸರು ಬಿತ್ತು, ಗೋಡೆ ಕಟ್ಟು ಅಂದ್ರೆ ಕಿಂಡಿ ಬಿಡ್ತೀನಿ ಅಂತಾನೆ ಇವ್ನು ಎಂದು ಬೇರೆ ಮೇಸ್ತ್ರಿಗಳು ಆಡಿಕೊಂಡರೆ ಇವರು, ಗೋಡೆಗೂ ಕಿವಿ ಇರುತ್ತೆ ಅಂತೀರಲ್ಲ, ಕಿವಿ ಇರೋದಕ್ಕೆ ಮೂಗು ಇರಬಾರದಾ, ಉಸಿರಾಡ್ಲಿ ಬಿಡಿ ಎನ್ನುತ್ತಿದ್ದರು. ಒಂದು ಮದುವೆಮನೆಯಲ್ಲಿ ಯಾರೋ ದೊಡ್ಡವರು ಮಾತಾಡುತ್ತಾ, ಗಂಡ ಹೆಂಡತಿ ನಡುವೆಯೂ ಹೀಗೇ ಸ್ವಲ್ಪ ಜಾಗ ಇರಬೇಕು ನೋಡಿ ಮೇಸ್ತ್ರಿ ಎಂದಾಗ ಇವರು ನನ್ನ ಕಿವಿಯ ಹತ್ತಿರ ಬಂದು, ಗೋಡೆ ಗೋಡೆ ಕಣೇ, ಸಂಸಾರ ಸಂಸಾರ, ನಾವು ಒಂದೇ ಹೊದಿಕೇಲಿ ಮಲಗೋರು, ಇವ್ನು ಎಲ್ಲಿ ಸಂದು ಬಿಡು ಅಂತಾನೆ — ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ಹಿಡಿದದ್ದು, ಎಷ್ಟು ವರ್ಷವಾಯಿತು ಅದಾಗಿ, ಆ ಪಿಸುಮಾತಿನ ಬಿಸಿ ಈಗಲೂ ಎಡಗಿವಿಯಲ್ಲಿದೆ.

ಕೆರೆಯುತ್ತಿದ್ದೇನೆ, ಮೆಲ್ಲಗೆ, ಸದ್ದಾಗದ ಹಾಗೆ, ಹಳೆಯ ಗರಗಸದ ಅಲಗು ಇದು, ಮೊದಲು ಚಮಚದ ಹಿಡಿ ತರುತ್ತಿದ್ದೆ, ಅದು ಬಾಗಿ ಹೋಯಿತು, ಡಿಪೋ ಗೇಟಿನ ಕಾವಲಿನವರು ನೋಡಿದರು, ಮಾರನೆಯ ದಿನ ವರ್ಕ್‌ಶಾಪಿನಿಂದ ಈ ಅಲಗು ತಂದು, ಹಿಡಿಯುವ ಕಡೆಗೆ ಮೆತ್ತನೆಯ ಬಟ್ಟೆ ಸುತ್ತಿ, ಗೋಡೆಯ ಮೇಲಿಟ್ಟು ಹೋಗಿದ್ದರು. ಸ್ಟೂಲೂ ಹಾಗೇ ಬಂತು. ಯಾವ ಸಂದಿನ ಹತ್ತಿರ ನಾನು ಕೂರಬೇಕೋ ಅಲ್ಲಿಗೆ ಬೆಳಗ್ಗೆಯೇ ಸ್ಟೂಲು ಬಂದು ಕೂತಿರುತ್ತದೆ, ನಾನು ಕೈ ಮುಗಿಯಲು ಹೋದರೆ ಅವರು ಆ ಕಡೆ ತಿರುಗಿ ಬಸ್ಸಿಗೆ ಕೈ ತೋರಿಸುತ್ತಿರುತ್ತಾರೆ, ಬಸ್ಸೇ ಇರುವುದಿಲ್ಲ. ಒಂದು ದಿನ ಅವರೇ ಬಂದು, ಅಮ್ಮಾ, ಒಂದು ಮಾತು, ಸಿಮೆಂಟಿನ ಬದಲು ಜರಡಿ ಹಿಡಿದ ಬೂದಿ ಮಣ್ಣು ಕಲಸಿ ಕೊಡಿ, ಅವರಿಗೇನು ಗೊತ್ತಾಗುತ್ತೆ, ನಿಮಗೆ ಕೆರೆಯೋಕೂ ಸುಲಭ ಅಂದರು, ಹಳೇ ಸಿಮೆಂಟು ಚೀಲದಲ್ಲಿ ತಾವೇ ತುಂಬಿಕೊಟ್ಟರು, ನಾನೂ ಆಸೆಯಿಂದ ಕಲಸಿ ಬಾಂಡ್ಲಿಯಲ್ಲಿ ತಂದಿಟ್ಟೆ. ಇವರು ಕರಣೆ ಹಾಕಿದರು, ತೆಗೆದರು, ಒಂಚೂರು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜಿ ನೋಡಿದರು, ಮುಖ ಕೆಂಪಗಾಯಿತು, ಯಾರಮ್ಮಾ ಕಲಸಿದ್ದು ಇದನ್ನ, ಮೋಸ ಮಾಡೋಕೆ ಬಂದಿದ್ದೀರಾ, ಇದು ಗಾರೆನಾ, ಜನ ಈ ಗೋಡೆ ಪಕ್ಕ ಓಡಾಡ್ತಾರೆ ಕಣಮ್ಮಾ, ಮಕ್ಕಳು ಓಡಾಡ್ತಾರೆ — ಬಾಂಡ್ಲಿ ಮಗುಚಿ ಹಾಕಿದರು. ಕಾವಲಿನವರು ಗೇಟಿನ ಹಿಂದೆ ತಲೆ ತಗ್ಗಿಸಿ ನಿಂತಿದ್ದರು. ನಾನು ಬೈಸಿಕೊಳ್ಳುತ್ತಾ ನಿಂತಿದ್ದೆ, ಹೇಗೆ ಹೇಳಲಿ, ಆ ಹೊತ್ತು ನನಗೆ ಎಂಥ ಸಂತೋಷ, ಇವರು ಇನ್ನೂ ಒಳಗಿದ್ದಾರೆ, ಎಲ್ಲೋ ಒಳಗೆ, ಬೆರಳ ತುದಿಯಲ್ಲಾದರೂ ಇದ್ದಾರೆ ಎಂದು. ಆವತ್ತಿನಿಂದ ಮತ್ತೆ ಸಿಮೆಂಟೇ. ಮನೆಯಲ್ಲಿ ಇವರು ನನ್ನನ್ನು ನೀವು ಎನ್ನುತ್ತಾರೆ, ನೀವು ಯಾರ ಮನೆಯವರು, ನಿಮಗೆ ತೊಂದರೆ ಕೊಡ್ತಿದ್ದೀನಿ, ಕಾಫಿ ಲೋಟ ಎರಡೂ ಕೈಯಲ್ಲಿ ಹಿಡಿದು ಅಷ್ಟು ಮರ್ಯಾದೆಯಿಂದ, ಬಾಡಿಗೆಗೆ ಬಂದು ಕೂತವರ ಹಾಗೆ ಮಂಚದ ತುದಿಯಲ್ಲಿ, ಅದನ್ನು ನೋಡಲಾಗುವುದಿಲ್ಲ ನನಗೆ. ಗೋಡೆಯ ಹತ್ತಿರ ಬಂದರೆ ನಾನು ಗಾರೆ ಕಲಸಿಕೊಡುವ ಚಿತ್ತಾಳು, ಏನಮ್ಮಾ ತಡ ಮಾಡ್ದೆ, ನೀರು ಹಾಕು, ಸಾಕು ಸಾಕು, ಕೈ ಚುರುಕಿದೆ ನಿಂದು — ಬೈದರೂ ಸರಿ, ಗದರಿದರೂ ಸರಿ, ಇಲ್ಲಿ ನಾನು ಅವರಿಗೆ ಬೇಕಾದವಳು.

ನನಗೆ ಜ್ವರ ಬರದಿದ್ದರೆ. ಬಂತು, ಹಾಸಿಗೆಯಿಂದ ಏಳಲಾಗದಂಥದ್ದು, ಮಗಳು ತಣ್ಣೀರು ಬಟ್ಟೆ ಹಾಕಿ ಹಾಕಿ ತೆಗೆದಳು, ಬಸ್ಸಿನ ಬೆಳಗಿನ ಟ್ರಿಪ್ಪಿಗೆ ಹೋಗಬೇಕಾದವಳು ರಜೆ ಹಾಕಿ ಕೂತಳು, ನನ್ನ ಕಡೆ ನೋಡುವಷ್ಟರಲ್ಲಿ ಇವರು ಕರಣೆ, ಸಿಮೆಂಟು ತೆಗೆದುಕೊಂಡು ಇಲ್ಲಿಗೆ ಬಂದುಬಿಟ್ಟಿದ್ದರು, ದಿನವೂ ಬಂದಿದ್ದರು, ನಾನು ಎದ್ದು ಬಂದು ನೋಡುವ ಹೊತ್ತಿಗೆ ಗೋಡೆ ತಿರುಗುವ ಮೂಲೆಯ ಕಡೆಯ ಸಂದುಗಳೆಲ್ಲ ಕಲ್ಲಾಗಿದ್ದವು, ಅಲಗಿನ ಹಲ್ಲು ಉದುರಿತೇ ಹೊರತು ಗಾರೆ ಉದುರಲಿಲ್ಲ. ಅಷ್ಟರ ಮೇಲೆ ಈ ಬಿಸಿಲು, ಇಂಥ ಬೇಸಿಗೆ ಬಂದದ್ದೇ ಇಲ್ಲ ಎನ್ನುತ್ತಿದ್ದಾರೆ ಎಲ್ಲ, ಗೋಡೆ ಹಿಗ್ಗಿತು, ಹೋಗಲು ಜಾಗವಿಲ್ಲ, ಮೂಲೆಯನ್ನು ಹೊರಗೆ ನೂಕಿತು, ಒಂದು ಮಧ್ಯಾಹ್ನ ಬಸ್ಸಿನ ಟೈರು ಒಡೆದ ಹಾಗೆ ಸದ್ದು, ಮೂಲೆಯ ಇಟ್ಟಿಗೆಗಳು ಮೇಲಿನಿಂದ ಕೆಳಗೆ ಸೀಳಿ ನಿಂತಿದ್ದವು. ಇವರು ಹೋಗಿ ಆ ಬಿರುಕಿನ ಮುಂದೆ ನಿಂತು ಬಹಳ ಹೊತ್ತು ನೋಡಿದರು, ಛೆ ಛೆ, ಯಾವ ತಿಳಿಗೇಡಿ ಕಟ್ಟಿದ್ದು ಇದನ್ನ ಅಂದರು. ಡಿಪೋದ ಸಾಹೇಬರು ಮಗಳನ್ನು ಕರೆಸಿಕೊಂಡರು, ಅವಳು ಅದೇ ಡಿಪೋದ ಬಸ್ಸು ಓಡಿಸುವವಳು, ಅವರ ಕೈಕೆಳಗಿನವಳು, ನೋಡಮ್ಮ, ನಿಮ್ಮ ತಂದೆ ಈ ಗೋಡೆ ಕಟ್ಟಿದ್ದು ನನಗೂ ಗೊತ್ತು, ಇಷ್ಟು ದಿನ ನಾನೂ ಕಣ್ಣು ಮುಚ್ಚಿಕೊಂಡಿದ್ದೆ, ಮೂಲೆ ಬಿದ್ದು ಯಾರ ತಲೆ ಮೇಲಾದ್ರೂ ಬಂದ್ರೆ ಯಾರಿಗೆ ಹೇಳೋಣ. ಕೆಟ್ಟ ಮನುಷ್ಯರಲ್ಲ ಅವರು, ಅವಳಿಗೆ ಕುರ್ಚಿ ಹಾಕಿಸಿ, ನೀರು ತರಿಸಿ ಕೊಟ್ಟು ಹೇಳಿದರಂತೆ. ಮಗಳು ಡ್ಯೂಟಿ ಮುಗಿಸಿ ಬಂದು ಚಪ್ಪಲಿ ಕೂಡ ಬಿಡದೆ ನನ್ನ ಪಕ್ಕ ಕೂತಳು, ಖಾಕಿ ಅಂಗಿಯಿಂದ ಡೀಸೆಲ್ಲಿನ ವಾಸನೆ, ನನ್ನ ಕೈ ತೆಗೆದುಕೊಂಡು ಅಂಗೈ ಬಿಡಿಸಿ ನೋಡಿದಳು, ಸಿಮೆಂಟು ತಿಂದು ಬಿರಿದ ಅಂಗೈ, ಬೆಣ್ಣೆ ಹಚ್ಚತೊಡಗಿದಳು, ಹಚ್ಚುತ್ತಾ ಹಚ್ಚುತ್ತಾ, ಅಮ್ಮಾ, ಒಂದು ಆರೈಕೆ ಮನೆ ನೋಡಿ ಬಂದೆ, ಒಳ್ಳೆ ಜಾಗ, ನೋಡ್ಕೊಳ್ಳೋಕೆ ಜನ ಇದ್ದಾರೆ, ಸುತ್ತ ತೋಟ ಇದೆ. ಗೋಡೆ ಇದೆಯಾ ಅಂದೆ. ತಂತಿ ಬೇಲಿ ಅಂದಳು. ಇಬ್ಬರೂ ಒಂದು ಕ್ಷಣ ನಕ್ಕೆವು, ಆಮೇಲೆ ಅವಳು ನನ್ನ ಮಡಿಲಲ್ಲಿ ಮುಖ ಇಟ್ಟಳು, ನಿನ್ನನ್ನೂ ಕಳ್ಕೊಳ್ಳೋಕೆ ಆಗಲ್ಲಮ್ಮ ನನಗೆ, ನೀನು ಹೀಗೇ ಗೋಡೆ ಕೆರೆದು ಕೆರೆದು ಒಂದಿನ ಅಲ್ಲೇ ಬಿದ್ದಿರ್ತೀಯ. ನಾನೂ ಜೊತೆಗೆ ಹೋಗಿ ಇರ್ತೀನಿ ಅಂದೆ. ಗಂಡಸರದ್ದು ಬೇರೆ ಕಡೆ, ಹೆಂಗಸರದ್ದು ಬೇರೆ ಕಡೆ ಅಂತೆ, ದಿನಾ ಸಂಜೆ ಹೋಗಿ ನೋಡಬಹುದಂತೆ. ಒಂದೇ ಹೊದಿಕೆ — ಬೇಡ, ಅದನ್ನು ನೆನೆಯುವುದು ಬೇಡ. ನಾನು ಹ್ಞೂಂ ಅಂದೆ. ಅವಳ ತಲೆ ಸವರಿದೆ. ಅವಳ ಮೇಲೆ ಸಿಟ್ಟು ಬರಲಿ ಎಂದು ಕಾದೆ, ಬರಲಿಲ್ಲ.

ನಾಳೆ ಬೆಳಗ್ಗೆ ಇವರನ್ನು ಕರೆದೊಯ್ಯಲು ಗಾಡಿ ಬರುತ್ತದೆ. ಇವತ್ತು ಕೊನೆ. ಇವತ್ತೊಂದು ದಿನ ತುಂಬಿಕೊಳ್ಳಲಿ ಎಂದು ಸಾಹೇಬರೇ ಹೇಳಿದರಂತೆ, ಮೂಲೆಯ ಕಡೆ ಹೋಗದ ಹಾಗೆ ಕಾವಲಿನವರು ಅಲ್ಲೊಂದು ಹಗ್ಗ ಕಟ್ಟಿದ್ದಾರೆ, ಹಗ್ಗಕ್ಕೆ ಕೆಂಪು ಬಟ್ಟೆ ಕಟ್ಟಿದ್ದಾರೆ, ಹೊಸ ಬಟ್ಟೆ, ಎಲ್ಲಿಂದ ತಂದರೋ. ಮಗಳ ಬಸ್ಸು ಗೇಟಿನಿಂದ ಹೊರಗೆ ಬರುತ್ತಿದೆ, ಇವರು ಕರಣೆ ಎತ್ತಿ ಹಿಡಿದು ಕೇಳುತ್ತಾರೆ, ಎಲ್ಲಿಗ್ ಹೋಗುತ್ತಮ್ಮಾ ಬಸ್ಸು, ದಿನವೂ ಕೇಳುವುದೇ, ನೀವು ಹೇಳಿದ ಕಡೆ ಯಜಮಾನ್ರೇ, ಹತ್ತಿ ಎಂದು ಅವಳು ದಿನವೂ ಹೇಳುವುದೇ, ಕೆಲಸ ಇದೆ ಡ್ರೈವರಮ್ಮಾ, ನಾಳೆ ಹತ್ತುತ್ತೀನಿ ಎಂದು ಇವರು. ಇವತ್ತು ಅವಳು ಸ್ಟೇರಿಂಗು ಹಿಡಿದು ಮುಂದೆ ನೋಡುತ್ತಾ ಇದ್ದಳು, ಬಸ್ಸು ಗೋಡೆಯುದ್ದಕ್ಕೂ ನಡೆಯುವ ವೇಗದಲ್ಲಿ ಹೋಯಿತು, ಹಾರ್ನು ಮಾಡಲಿಲ್ಲ, ಒಳಗಿದ್ದ ಜನ ಯಾಕಿಷ್ಟು ನಿಧಾನ ಎಂದುಕೊಂಡಿರಬೇಕು. ನಾಳೆ ಹತ್ತುತ್ತೀನಿ ಎಂದು ಇವರು ತಾವೇ ಹೇಳಿಕೊಂಡು ಮುಂದಿನ ಸಂದಿಗೆ ಹೋದರು, ನೀರು ಚಿಮುಕಿಸಿದರು, ಮತ್ತೆ ಅದೇ ವಾಸನೆ. ನಾನು ಸ್ಟೂಲಿನ ಮೇಲೆ ಕೂತು ಹಿಂದಿನ ಸಂದನ್ನು ಕೆರೆಯುತ್ತಿದ್ದೇನೆ. ಯಾಕೆ ಕೆರೆಯಬೇಕು ಇನ್ನು, ನಾಳೆಯಿಂದ ತುಂಬುವವರೇ ಇಲ್ಲವಲ್ಲ, ಡಿಪೋದವರು ಬೇಕಾದರೆ ಯಾರನ್ನಾದರೂ ಕರೆಸಿ ಮಿಷನ್ನಿನಲ್ಲಿ ತೆಗೆಸುತ್ತಾರೆ, ಆದರೂ ಕೈ ಕೆರೆಯುತ್ತದೆ, ಈ ಗೋಡೆ ನಿಂತಿರಬೇಕು, ಇವರು ಮಾಡಿದ್ದು ಒಂದಾದರೂ ಇವರಂತೆಯೇ ನಿಂತಿರಬೇಕು, ಇವರ ನೆನಪನ್ನು ಇವರಿಂದಲೇ ಕಾಪಾಡುವುದು ಎಂಥ ಕೆಲಸ ದೇವರೇ, ಹಸಿ ಗಾರೆ ಸುರುಳಿ ಸುರುಳಿಯಾಗಿ ಕಾಲ ಬಳಿ ಬೀಳುತ್ತಿದೆ, ಕಪ್ಪು ಗೀಟು ಮತ್ತೆ ಕಾಣುತ್ತಿದೆ, ಅದರೊಳಗಿಂದ ಒಂದು ಎಳೆ ತಂಪುಗಾಳಿ —

ಏನಮ್ಮಾ ಮಾಡ್ತಿದ್ದೀಯ. ಇವರು ಹಿಂದೆ ನಿಂತಿದ್ದಾರೆ. ಎಂದೂ ಹಿಂದಿರುಗಿ ನೋಡದವರು, ಒಂದು ಸಂದು ಮುಗಿದರೆ ಅದನ್ನು ಮರೆತೇ ಮುಂದೆ ಹೋಗುವವರು, ಇವತ್ತೇ ಯಾಕೆ. ಅಲಗು ಗಾರೆಯೊಳಗೇ ನಿಂತಿದೆ, ತೆಗೆಯಲೂ ಆಗದು, ಒತ್ತಲೂ ಆಗದು. ನಾನು ತುಂಬಿದ್ದನ್ನ ಕೆರೀತಿದ್ದೀಯಲ್ಲ. ಸಿಟ್ಟಿಲ್ಲ, ಸಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು, ಕಟ್ಟಿದ ಮರಳು ಗುಡ್ಡೆಯನ್ನು ಯಾರೋ ತುಳಿದು ಹೋದಾಗ ಮಕ್ಕಳು ಕೇಳುವ ದನಿ ಅದು. ಸುಳ್ಳು ಹೇಳಬಹುದಿತ್ತು, ಹೇಳುವುದು ನನಗೆ ಅಭ್ಯಾಸವಾಗಿದೆ, ಇವತ್ತು ಬಾಯಿಗೆ ಬರಲಿಲ್ಲ. ಸಂದು ಬಿಡಿಸ್ತಿದ್ದೀನಿ ಅಂದೆ. ಯಾಕೆ. ಬಿಸಿಲಿಗೆ ಇಟ್ಟಿಗೆ ಹಿಗ್ಗುತ್ತಲ್ಲ, ಅದಕ್ಕೆ ಜಾಗ ಬೇಕು, ಬಿಡದಿದ್ರೆ ಮೂಲೆ ಒಡೆಯುತ್ತೆ. ಯಾರು ಹೇಳಿಕೊಟ್ರು ನಿನಗೆ. ನಮ್ಮ ಮೇಸ್ತ್ರಿ. ಇವರು ಹತ್ತಿರ ಬಂದರು, ನಾನು ತೆರವು ಮಾಡಿದಲ್ಲಿ ಹೆಬ್ಬೆರಳು ತೂರಿಸಿದರು, ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಎಳೆದರು, ಎಲ್ಲಿ ಗಾರೆ ಉಳಿದಿತ್ತೋ ಅಲ್ಲಿ ನಿಲ್ಲಿಸಿದರು, ಉಗುರಿನಿಂದ ಅದನ್ನು ಕಿತ್ತು ಹಾಕಿದರು, ಮತ್ತೆ ಎಳೆದರು. ಹಣೆಯ ಗೆರೆಗಳು ಒಟ್ಟಾದವು, ಬಿಚ್ಚಿದವು. ಈಗ ಹೇಳುತ್ತಾರೆ, ಈಗ ನನ್ನ ಕಡೆ ತಿರುಗಿ ಏನೇ ಎನ್ನುತ್ತಾರೆ. ಹೌದು ಹೌದು, ಕೆಲಸ ಗೊತ್ತಿರೋನು ಅವ್ನು ಅಂದರು, ಒಳ್ಳೆ ಮೇಸ್ತ್ರಿ. ಎಲ್ಲಿದ್ದಾನೆ, ಇವತ್ತು ಬಂದಿಲ್ವಾ. ರಸ್ತೆಯ ಕಡೆ ನೋಡಿದರು, ಗೇಟಿನ ಕಡೆ ನೋಡಿದರು, ನಿಜವಾಗಿ ಹುಡುಕುವವರ ಹಾಗೆ. ಕಾವಲಿನವರು ಗೇಟಿನ ಹಿಂದೆ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದಾರೆ. ಇಲ್ಲ ಅಂದೆ, ಬಂದಿಲ್ಲ. ಬರ್ತಾನಾ. ಗೊತ್ತಿಲ್ಲ ರೀ ಎಂದುಬಿಟ್ಟೆ, ಚಿತ್ತಾಳು ಮೇಸ್ತ್ರಿಯನ್ನು ರೀ ಎನ್ನುವುದಿಲ್ಲ, ಅವರು ಗಮನಿಸಲಿಲ್ಲ. ನನ್ನ ಮುಖವನ್ನು ನೋಡಿದರು, ಬಹಳ ಹೊತ್ತು, ಆ ಮೊದಲ ದಿನ ಗೂಡಿನ ಹತ್ತಿರ ನೋಡದೆ ಬಿಟ್ಟಿದ್ದನ್ನೆಲ್ಲ ಈಗ ನೋಡುವ ಹಾಗೆ, ಅಳಬೇಡಮ್ಮಾ ಅಂದರು, ಬಿಸಿಲಿಗೆ ಸುಸ್ತಾಗಿದೆ ನಿನಗೆ, ಊಟ ತಂದಿದ್ದೀಯಾ. ಇಲ್ಲ. ಅದೇ ಮತ್ತೆ, ಅವನು ಬರ್ಲಿ ಅಂತ ಹಸ್ಕೊಂಡು ಕೂತಿದ್ದೀಯ. ಗೋಡೆಯ ಬುಡದಲ್ಲಿ ಉಳಿದಿದ್ದ ಒಂದು ಪಟ್ಟಿ ನೆರಳಿನಲ್ಲಿ ಕಾಲು ಚಾಚಿ ಕೂತರು, ಬೆಳಗ್ಗೆ ನಾನೇ ತುಂಬಿಕೊಟ್ಟ ಡಬ್ಬಿ, ಅದರ ಮುಚ್ಚಳ ತೆಗೆದು ಅನ್ನವನ್ನು ಕರಣೆಯಿಂದ ಗಾರೆ ಭಾಗ ಮಾಡುವ ಹಾಗೆ ಚಮಚದಿಂದ ನೆಟ್ಟಗೆ ಗೀರಿದರು, ಒಂದು ಪಾಲನ್ನು ಮುಚ್ಚಳಕ್ಕೆ ಹಾಕಿದರು, ಟವೆಲಿನ ಅಂಚಿನಿಂದ ಒಂದು ದಾರ ಎಳೆದು ಬೇಯಿಸಿದ ಮೊಟ್ಟೆಗೆ ಸುತ್ತಿ ಬಿಗಿದರು, ಮೊಟ್ಟೆ ಎರಡಾಯಿತು, ಸಮವಾಗಿ ಆಗಲಿಲ್ಲ, ದೊಡ್ಡದನ್ನು ಮುಚ್ಚಳದ ಅನ್ನದ ಮೇಲಿಟ್ಟರು. ಅವನು ಬರೋವಾಗ ಬರ್ಲಿ ಅಂದರು, ನೀನು ತಿನ್ನು. ಮುಚ್ಚಳ ನನ್ನ ಕಡೆ ಚಾಚಿದೆ, ಅಂಚನ್ನು ಒತ್ತಿ ಹಿಡಿದ ಹೆಬ್ಬೆರಳು, ಗಾರೆ ಒಣಗಿ ಬೆಳ್ಳಗಾದ ಹೆಬ್ಬೆರಳು, ಅದರ ಪಕ್ಕದಲ್ಲಿ ಮೊಟ್ಟೆಯ ದೊಡ್ಡ ಅರ್ಧ, ಆ ಹೆಬ್ಬೆರಳನ್ನೂ ಸೇರಿಸಿ ಮುಚ್ಚಳವನ್ನು ನಾನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತೇನೆ.